ಹಳೇ ಟೀಮಿನ ಐದನೆಯವನು

ಬೆಟಗೇರಿಯಲ್ಲಿ ಇಬ್ಬರು ಒಂದು ಮಾತಿಗೆ ಒಪ್ಪಿದರೆ ಅವತ್ತು ಮಳೆ ಗ್ಯಾರಂಟಿ ಎಂದು ಗಾದಿ ಅಂಗಡಿಯ ಸಮೀವುಲ್ಲಾ ಹೇಳುತ್ತಿದ್ದ. ಬಾಸ್ಕೆಟ್‌ಬಾಲ್ ಅಂಕಣದ ಮಗ್ಗುಲಿಗೆ, ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲಂತೂ ಆ ಭಯವೇ ಇರಲಿಲ್ಲ. ದಿನಾ ಸಂಜೆ ಅಲ್ಲಿ ನಾಲ್ವರು ಸೇರುತ್ತಿದ್ದರು. ಸೇರಿ, ಎಂದೂ ನಡೆಯದ, ನಡೆಯಲಾರದ ಪಂದ್ಯವೊಂದನ್ನು ಬಾಯಲ್ಲೇ ಆಡುತ್ತಿದ್ದರು. ಹಳಬರ ಕಾಲದ ಟೀಮು ಒಂದು ಕಡೆ, ಈಗಿನ ಹುಡುಗರ ಟೀಮು ಇನ್ನೊಂದು ಕಡೆ. ಎದುರಾಬದುರಾ ನಿಂತರೆ ಗೆಲ್ಲುವವರು ಯಾರು?

ಈಗಿನವರ ಪರ ಮಾತಾಡುವವನು ಮಾಂತೇಶ, ಆ ಹುಡುಗರಿಗೆ ಆಟ ಕಲಿಸುವ ಮಾಸ್ತರ. ಹಳಬರ ಪರ ಚನ್ನಬಸವಣ್ಣ, ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಮಾಡಿಸುತ್ತಿದ್ದವನು. ಅವನ ಗಂಟಲನ್ನು ಇನ್ನೂ ಮಾರ್ಕೆಟ್ಟಿನ ಗದ್ದಲ ಬಿಟ್ಟಿರಲಿಲ್ಲ. ಸಕ್ರಪ್ಪ ಮುಂಡರಗಿಯ ಬಸ್ಸು ಓಡಿಸಿ ನಿವೃತ್ತನಾದ ಎತ್ತರದ ಆಳು. ಅವನು ಯಾರ ಪರ ಎನ್ನುವುದು ಆವತ್ತು ಚಹಾ ಕುಡಿಸಿದವರ ಮೇಲೆ ನಿಂತಿತ್ತು.

"ನಮ್ಮ ಹುಡುಗರು ಮೂರರ ಗೆರಿ ಹೊರಗ ನಿಂತ ಹಾಕ್ತಾರ್ರಿ ಕಾಕಾ" ಎನ್ನುತ್ತಿದ್ದ ಮಾಂತೇಶ. "ನೀವು ಎರಡೆರಡ ಹಾಕ್ಕೋತ ಕುಂತ್ರ ಯಾವಾಗ ಮುಟ್ಟಾವ್ರು?"

"ನಮ್ಮ ಕಾಲಕ್ಕ ಆ ಗೆರೀನ ಇರಲಿಲ್ಲಲೇ. ನಿನ್ನ ಹುಡುಗರಿಗೆ ಮಣ್ಣಿನ ಕೋರ್ಟಿಗೆ ಬರಾಕ ಹೇಳು. ಆಟಕ್ಕ ಮೊದಲ ನೀರ ಹೊಡದು, ಕಲ್ಲ ಆರಿಸಿ ಆಮ್ಯಾಲೆ ಆಡಬೇಕು. ಅರ್ಧಾ ಮಂದಿ ಅಲ್ಲೇ ಸುಸ್ತಾಗಿ ಮನಿ ಹಾದಿ ಹಿಡೀತಾರ."

ಈ ಜಗಳಕ್ಕೆ ಒಂದೇ ಒಂದು ಕಾನೂನು ಇತ್ತು. ಸತ್ತವನು ತನ್ನ ಹರೆಯದಲ್ಲಿ ಬಂದು ಆಡಬಹುದು. ಬದುಕಿರುವವನು ಇವತ್ತು ಹೇಗಿದ್ದಾನೋ ಹಾಗೇ ಬರಬೇಕು. ಈ ಕಾನೂನು ಮಾಡಿದವನು ಸಮೀವುಲ್ಲಾನೇ. ಅವರ ಟೀಮಿನಲ್ಲಿ ಆಡಿದ್ದ ಹೊಂಬಳದ ದೇವಪ್ಪ ಕಾಮಾಲೆಯಾಗಿ ತೀರಿಕೊಂಡ ವರ್ಷ ಅದು. ದೇವಪ್ಪನನ್ನು ಆಟದಿಂದ ಕೈಬಿಡಲು ಇವನಿಗೆ ಮನಸ್ಸಾಗಲಿಲ್ಲ. ಬದುಕಿದ್ದವರು ಬಡಾಯಿ ಕೊಚ್ಚಬಾರದೆಂದು ಎರಡನೆಯ ಮಾತನ್ನೂ ಸೇರಿಸಿದ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ. ಗಾದಿಗೆ ಹತ್ತಿ ತುಂಬಲು ನೆಲದ ಮೇಲೆ ಕೂತು ಕೂತು ಮೊಣಕಾಲು ಹೋಗಿದ್ದವನನ್ನು ಯಾವ ಟೀಮು ತೆಗೆದುಕೊಳ್ಳುತ್ತದೆ? ಒಂದು ಕಾಲಕ್ಕೆ ಅವನ ಕೈಯಿಂದ ಚೆಂಡು ಕಸಿಯಲು ಜಿಲ್ಲೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ.

"ಅಂದ್ರ ನಾ ಸತ್ತಮ್ಯಾಲೇ ನನ್ನ ಆಡಸ್ತೀರಿ ಅಂದಂಗಾತು" ಎಂದು ಅವನು ಆಗಾಗ ತಕರಾರು ತೆಗೆಯುತ್ತಿದ್ದ.

"ನೀ ಸಾಯೂ ಪೈಕಿ ಏನಲೇ? ನಮ್ಮನ್ನೆಲ್ಲಾ ಮಣ್ಣಿಗೆ ಹಾಕಿ, ಕೈ ಝಾಡಿಸ್ಕೊಂಡ ಬಂದು ಇಲ್ಲೇ ಕುಂದರಾಂವ ನೀ" ಎಂದು ಚನ್ನಬಸವಣ್ಣ ಬೈಯುತ್ತಿದ್ದ.

ಈ ಸಲದ ಬೇಸಿಗೆಯಿಂದ ಸಮೀವುಲ್ಲಾನಿಗೆ ಉಂಡದ್ದು ಇಳಿಯುತ್ತಿರಲಿಲ್ಲ. ಅಂಗಿ ದೊಗಳೆಯಾಯಿತು. ಚನ್ನಬಸವಣ್ಣನೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದ. ಸಮೀವುಲ್ಲಾ ಒಳಗೆ ಅಂಗಿ ಹಾಕಿಕೊಳ್ಳುತ್ತಿರುವಾಗ ಡಾಕ್ಟರು ಹೊರಗೆ ಚನ್ನಬಸವಣ್ಣನ ಜೊತೆ ಮಾತಾಡಿದರು. "ಹುಣ್ಣು ಐತಂತ. ಗುಳಿಗಿ ನುಂಗು, ಖಾರ ಬಿಡು, ಹೋಗತೈತಿ" ಎಂದ ಚನ್ನಬಸವಣ್ಣ, ಬಸ್ಸು ಹತ್ತುವಾಗ. ಸಮೀವುಲ್ಲಾ ನಂಬಿದ. ಒಮ್ಮೊಮ್ಮೆ ಒಳಗೊಳಗೇ ಅನುಮಾನ ಕೊರೆಯುತ್ತಿತ್ತು, ನಿಜ. ಆದರೆ ಕಲ್ಲಿನ ಮೇಲೆ ಬಂದು ಕೂತರೆ ಮೂವರೂ ಅವನ ಮೇಲೆ ಮೊದಲಿನಂತೆಯೇ ಏರಿ ಬರುತ್ತಿದ್ದರು, ಮನೆಗೆ ಹೋದರೆ ಹೆಂಡತಿ ಖಾತುನಬಿ ಚಟ್ನಿಯ ಭರಣಿಗೆ ಚಾಚಿದ ಕೈಗೆ ಪಟ್ಟನೆ ಹೊಡೆಯುತ್ತಿದ್ದಳು. ಸಾಯುವವನ ಜೊತೆ ಯಾರಾದರೂ ಜಗಳ ಆಡುತ್ತಾರೆಯೇ? ಆ ಜಗಳಗಳೇ ಅವನಿಗೆ ಔಷಧವಾಗಿದ್ದವು.

ಆವತ್ತು ಮಾಂತೇಶ ಹುರುಪಿನಲ್ಲಿದ್ದ. ಅವನ ಹುಡುಗರು ಲಕ್ಷ್ಮೇಶ್ವರದಲ್ಲಿ ಗೆದ್ದು ಬಂದಿದ್ದರು. ಹೊಸ ಹುಡುಗನೊಬ್ಬ ನಿಂತಲ್ಲಿಂದಲೇ ಬುಟ್ಟಿಗೆ ಹಾಕುತ್ತಾನೆಂದು ಮೊಬೈಲಿನಲ್ಲಿ ತೋರಿಸಿದ.

"ಇವನ್ನ ಹಿಡಿಯಾವ್ರು ಯಾರದಾರ ನಿಮ್ಮಾಗ? ದೇವಪ್ಪ ಕಾಕಾ ಬುಟ್ಟಿ ಕೆಳಗ ಹುಲಿ, ಖರೆ. ಇಷ್ಟ ದೂರ ಓಡಿ ಬರತಾರೇನು? ನಿಮ್ಮ ಕಡೆ ಜವಾಬ ಇಲ್ಲ ಬಿಡ್ರಿ."

ಚನ್ನಬಸವಣ್ಣನಿಗೆ ರೋಷ ಉಕ್ಕಿತು. ತೊಡೆ ತಟ್ಟಿದ.

"ಸಮೀ ಅದಾನಲ್ಲಲೇ. ಇಪ್ಪತ್ತೆರಡ ವರ್ಷದ ಸಮೀವುಲ್ಲಾ. ಅವನ್ನ ಹಾಕ್ತೀನಿ. ನಿನ್ನ ಹುಡುಗ ಚೆಂಡ ಕಣ್ಲೇ ಸೈತ ನೋಡೂದಿಲ್ಲ."

ಸಮೀವುಲ್ಲಾನಿಗೆ ಮೊದಲು ಹಿಗ್ಗೇ ಆಯಿತು, ಸುಳ್ಳೇಕೆ ಹೇಳಬೇಕು. ಎಷ್ಟೋ ವರ್ಷಗಳ ಮೇಲೆ ಅವನ ಹೆಸರು ಆ ಐವರಲ್ಲಿ ಬಂದಿತ್ತು. ಹಿಂದೆಯೇ ಕಾನೂನು ನೆನಪಾಗಿ ನಗು ಬಂತು. ಈಗ ಮಾಂತೇಶ ಎದ್ದು ನಿಂತು ಕೂಗುತ್ತಾನೆ, ಬದುಕಿದ್ದವರನ್ನು ಹರೆಯಕ್ಕೆ ಇಳಿಸಿದ್ದು ಮೋಸ ಎನ್ನುತ್ತಾನೆ, ಸಕ್ರಪ್ಪ ಅವನ ಜೊತೆ ಸೇರುತ್ತಾನೆ. ಅವನು ಕಾದ.

ಯಾರೂ ಕೂಗಲಿಲ್ಲ. ಸಕ್ರಪ್ಪ ತನ್ನ ಚಪ್ಪಲಿಯ ಬಾರು ನೋಡುತ್ತ ಕೂತ. ಚನ್ನಬಸವಣ್ಣನ ಕೈ ತೊಡೆಯ ಮೇಲೆಯೇ ಉಳಿದಿತ್ತು.

"ಮಾಂತೇಶಾ, ಫೌಲ್ ಹಿಡಿಯೋ" ಎಂದ ಸಮೀವುಲ್ಲಾ. "ನಾ ಇನ್ನೂ ಜೀವಂತ ಅದೀನಿ."

ಒಂದು ಫೌಲನ್ನೂ ಬಿಟ್ಟು ಗೊತ್ತಿಲ್ಲದ ಮಾಂತೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡ. "ಇರ್ಲಿ ಬಿಡ್ರಿ ಕಾಕಾ. ಆಡ್ರಿ ನೀವು" ಎಂದ, ಬಹಳ ಮೆತ್ತಗೆ.

ಆ ಮೆತ್ತಗಿನ ದನಿಯಲ್ಲಿ ಸಮೀವುಲ್ಲಾನಿಗೆ ಎಲ್ಲ ತಿಳಿಯಿತು. ಹೊಟ್ಟೆಯಲ್ಲಿನ ಹುಣ್ಣು ಯಾವುದು ಎಂಬುದು, ಹುಬ್ಬಳ್ಳಿಯಿಂದ ಬರುವಾಗ ಚನ್ನಬಸವಣ್ಣ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಯಾಕೆ ನೋಡುತ್ತಿದ್ದ ಎಂಬುದು, ಎಲ್ಲವೂ. ಇವರ ಲೆಕ್ಕದಲ್ಲಿ ಅವನು ಆಗಲೇ ದೇವಪ್ಪನ ಪಕ್ಕಕ್ಕೆ ಹೋಗಿ ನಿಂತುಬಿಟ್ಟಿದ್ದ.

"ನನ್ನ ಹೊರಗ ತಗೀರಿ" ಎಂದ. "ನನಗ ಮೊಣಕಾಲ ನೋವೈತಿ. ಓಡಾಕ ಆಗೂದಿಲ್ಲ. ನಾ ಇಲ್ಲೇ ಕುಂದರ್ತೀನಿ, ತಗೀರಿ ನನ್ನ."

"ಆತು, ತಗದ್ವಿ" ಎಂದ ಚನ್ನಬಸವಣ್ಣ, ಕಣ್ಣೊರೆಸಿಕೊಳ್ಳುತ್ತ.

"ಆತ್ರಿ" ಎಂದ ಮಾಂತೇಶ. ಸಕ್ರಪ್ಪನೂ ತಲೆಯಾಡಿಸಿದ. ಆ ಕಲ್ಲಿನ ಮೇಲೆ ಇಷ್ಟು ಜಲ್ದಿ ಯಾವ ಮಾತಿಗೂ ಎಲ್ಲರೂ ಒಪ್ಪಿದ್ದಿಲ್ಲ. ಸಮೀವುಲ್ಲಾನಿಗೆ ಅದನ್ನು ತಾಳಿಕೊಳ್ಳಲು ಆಗಲಿಲ್ಲ, ಎದ್ದ.

ಚನ್ನಬಸವಣ್ಣ ಮನೆಯವರೆಗೂ ಬಂದ. ದಾರಿಯಲ್ಲಿ ರಟ್ಟೆ ಹಿಡಿದುಕೊಂಡ; ಸಮೀವುಲ್ಲಾ ಬಿಡಿಸಿಕೊಳ್ಳಲಿಲ್ಲ. "ಬಾಯಿ ತಪ್ಪಿ ಬಂತಲೇ" ಎಂದ ಚನ್ನಬಸವಣ್ಣ. ಇವನು ಹೂಂ ಎಂದ. "ಖಾತುನಗ ಗೊತ್ತೈತೇನು?" ಎಂದು ಕೇಳಬೇಕೆಂದಿದ್ದ, ಕೇಳಲಿಲ್ಲ. ಆಕೆಗೆ ಗೊತ್ತಿಲ್ಲದಿದ್ದರೆ ಅದು ಹುಣ್ಣೇ ಇರಬಹುದಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ.

ಖಾತುನಬಿ ಬಾಗಿಲು ತೆಗೆದಳು. ಗಂಡನ ಮುಖ ನೋಡಿದಳು. ಅವನ ಹಿಂದೆ, ಒಳಗೆ ಬಾರದೆ ಗೋಡೆಯ ಕಡೆ ತಿರುಗಿ ನಿಂತ ಚನ್ನಬಸವಣ್ಣನನ್ನು ನೋಡಿದಳು. ಒಳಗೆ ಹೋಗಿ ತಾಟು ಇಟ್ಟಳು. ದಿನದಂತೆ ಮೆತ್ತಗಿನ ಅನ್ನ, ಸಪ್ಪನೆಯ ಸಾರು.

ಸಮೀವುಲ್ಲಾ ಕೂತ. ಭರಣಿಯತ್ತ ಬೊಟ್ಟು ಮಾಡಿದ.

"ಕೆಂಪ ಚಟ್ನಿ ಹಾಕು."

ಬೇಡ ಅನ್ನು, ಎಂದು ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡ. ನಿನ್ನೆಯಂತೆ ಕೈಗೆ ಹೊಡಿ, ಡಾಕ್ಟರರ ಹೆಸರು ಹೇಳಿ ಬಯ್ಯಿ, ನಿನಗೆ ನಾಲಿಗೆಯೇ ದೊಡ್ಡದು ಅನ್ನು.

ಖಾತುನಬಿ ಎದ್ದು ಭರಣಿ ಇಳಿಸಿಕೊಂಡು ಬಂದಳು. ಮುಚ್ಚಳ ತೆಗೆದು, ಚಮಚ ಅದ್ದಿ, ಅವನ ತಾಟಿನ ಮೇಲೆ ಹಿಡಿದಳು.

"ಎಷ್ಟ ಹಾಕ್ಲಿ?" ಎಂದು ಕೇಳಿದಳು.