ಸೊನ್ನೆಯ ಮೇಲಿನ ಗೆರೆ

‘ಇದನ್ನ ಅಳಸು,’ ಅಂದ ಪಂಚಾಕ್ಷರಪ್ಪ, ಲ್ಯಾಬ್ ರೆಕಾರ್ಡಿನ ಗ್ರಾಫಿಗೆ ಬೆರಳಿಟ್ಟು, ಅದನ್ನು ವಿದ್ಯಾರ್ಥಿನಿಯತ್ತ ತಳ್ಳಿ.

ಮೈಲಮ್ಮ ಅಲುಗಲಿಲ್ಲ. ‘ಕಂಪ್ಯೂಟರ್‌ನಾಗ ಹಿಂಗಾ ಬಂತ್ರಿ ಸರ್. ನಿನ್ನೆ ಮಧ್ಯಾಹ್ನ ಕರೆಂಟಿತ್ತು, ಓಡಿಸಿ ನೋಡಿದೆ.’

ಓಡಿಸಿ ನೋಡಿದಳಂತೆ! ಊರಾಚೆಯ ಈ ಪಾಲಿಟೆಕ್ನಿಕ್ಕಿನಲ್ಲಿ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್ ಓಡಿಸಿ ನೋಡಿದವರು ಯಾರಿದ್ದರು? ಹಿಂದಿನ ವರ್ಷದವರ ರೆಕಾರ್ಡ್ ತರುವುದು, ಗ್ರಾಫನ್ನು ಪೆನ್ಸಿಲಿನಲ್ಲಿ ನಕಲು ಮಾಡುವುದು, ಅವನು ಕೆಂಪು ಸಹಿ ಹಾಕುವುದು. ಇಲ್ಲಿ ನಡೆದುಬಂದದ್ದು ಇಷ್ಟೇ.

ಮೂರನೆಯ ಪ್ರಯೋಗ, ಇಂಪಲ್ಸ್ ಸಿಗ್ನಲ್: ಒಂದೇ ಕ್ಷಣ ಮಿಡಿದು ಅಡಗುವ ಸಂಕೇತ. ಮೈನಸ್ ಐದರಿಂದ ಐದರವರೆಗೆ ಹನ್ನೊಂದು ಚುಕ್ಕಿ. ಹತ್ತು ನೆಲಕ್ಕಂಟಿರಬೇಕು, ಸೊನ್ನೆಯಲ್ಲಿರುವುದೊಂದು ಮಾತ್ರ ಗೆರೆಯ ತುದಿಯಲ್ಲಿ ಎದ್ದು ನಿಲ್ಲಬೇಕು. ಮೈಲಮ್ಮನದರಲ್ಲಿ ಹಾಗೇ ಇತ್ತು. ಉಳಿದ ಮೂವತ್ತೊಂಬತ್ತು ರೆಕಾರ್ಡುಗಳಲ್ಲಿ ಅದು ಸೊನ್ನೆ ಬಿಟ್ಟು ಪಕ್ಕದ ಒಂದರ ಮೇಲೆ ನಿಂತಿತ್ತು.

ತಪ್ಪು ಅವನದೇ. ಏಳು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಕೆಲಸಕ್ಕೆ ಸೇರಿದ ವಾರವೇ ಮಾದರಿ ರೆಕಾರ್ಡ್ ಬರೆಯುವಾಗ ಒಂದು ಮನೆ ತಪ್ಪಿ ಎಣಿಸಿದ್ದ. ಮರುವರ್ಷ ಗೊತ್ತಾಯಿತು. ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಹೆಚ್ಚು ನೋಯುತ್ತಿದ್ದುದು ಅದೇ.

‘ಎಕ್ಸ್‌ಟರ್ನಲ್ ಎಕ್ಸಾಮಿನರ್ ಸರ್ ಬಸ್‌ಸ್ಟ್ಯಾಂಡಿನಾಗ ಇಳದಾರಂತ್ರಿ,’ ಅಟೆಂಡರ್ ಹನುಮಣ್ಣ ಬಾಗಿಲಲ್ಲಿ ಹೇಳಿ ಹೋದ.

‘ಎಲ್ಲಾರ್ದು ಒಂದು ಥರ ಐತಿ,’ ಅಂದ ಪಂಚಾಕ್ಷರಪ್ಪ. ‘ ನಿಂದೊಂದು ಬ್ಯಾರೆ ಇದ್ರ ಅವ್ರು ಕೇಳ್ತಾರ.’

‘ಕೇಳ್ಲಿ ಬಿಡ್ರಿ. ನಾ ಹೇಳ್ತೀನಿ.’

‘ಸಹಿ ಇಲ್ಲಂದ್ರ ಪರೀಕ್ಷಿಗೆ ಕೂಡ್ಸಂಗಿಲ್ಲ. ಗೊತ್ತೈತಿಲ್ಲ?’

‘ಯಾವುದು ಖರೇ, ಸರ್? ಅಷ್ಟು ಹೇಳ್ರಿ ಸಾಕು.’

ಮಾತು ಬಾಯಿಗೇ ಬಂದಿತ್ತು. ಹೇಳಿಬಿಟ್ಟಿದ್ದರೆ ಎದೆ ಹಗುರಾಗುತ್ತಿತ್ತೇನೋ. ಹೊರಗೆ ಆಟೋ ಬಂದು ನಿಂತಿತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಅವಳ ಮೇಲೆ ಸಿಟ್ಟು ಬಂತು.

‘ಟೈಮಿಲ್ಲ. ಅಳಸು.’

ಅವಳು ತಲೆ ತಗ್ಗಿಸಿ ರಬ್ಬರಿನಿಂದ ಉಜ್ಜಿದಳು. ಪುಡಿಯನ್ನು ಊದಿದಳು. ಪೆನ್ಸಿಲಿನಲ್ಲಿ ಏನೋ ಒಂದಿಷ್ಟು ತಿದ್ದಿ, ರೆಕಾರ್ಡನ್ನು ಅವನ ಮುಂದಿಟ್ಟು, ಹಾಲ್ ಟಿಕೆಟ್ ಹಿಡಿದು ಸಾಲಿನಲ್ಲಿ ಹೋಗಿ ನಿಂತಳು.

ಸೊನ್ನೆಯ ಮೇಲಿನ ಗೆರೆ ಹೋಗಿತ್ತು. ಆ ಚುಕ್ಕಿಯನ್ನು ಕೆಳಗೆ, ಉಳಿದವುಗಳ ಸಾಲಿಗೇ ಇಳಿಸಿದ್ದಳು. ಒಂದರ ಮೇಲೆ ಗೆರೆ ಎಳೆದೇ ಇರಲಿಲ್ಲ.

ಅವನು ಪೆನ್ಸಿಲ್ ಎತ್ತಿಕೊಂಡ. ಒಂದು ಗೆರೆ ತಾನೇ ಎಳೆದರಾಯಿತು. ಎಲ್ಲಿ?

‘ಬರ್ರಿ ಸರ್, ಬರ್ರಿ,’ ಹನುಮಣ್ಣನ ದನಿ ಪಡಸಾಲೆಯಲ್ಲಿ ಕೇಳಿಸಿತು. ಪಂಚಾಕ್ಷರಪ್ಪ ಪೆನ್ಸಿಲ್ ಇಟ್ಟ. ನೆಲಕ್ಕಂಟಿ ಮಲಗಿದ್ದ ಹನ್ನೊಂದು ಚುಕ್ಕಿಗಳ ಕೆಳಗೆ ಕೆಂಪು ಪೆನ್ನಿನಲ್ಲಿ ತನ್ನ ಹೆಸರು ಬರೆದ.