ಕೇರಿ ತಪ್ಪಿಸಿದ ಲೈನು

ದೊಡ್ಡಬಳ್ಳಾಪುರದಿಂದ ಹೊಲಗಳ ಮೇಲೆ ಹಾದುಬಂದ ದೊಡ್ಡ ಕರೆಂಟು ಲೈನು ತೂಬಗೆರೆ ಕಡೆಯ ಆ ಹಳ್ಳಿಯ ಕೆರೆ ಏರಿಯ ಹತ್ತಿರ ನಿಂತಿತ್ತು. ಅಲ್ಲಿ ಕೂರಿಸಿದ ಟ್ರಾನ್ಸ್‌ಫಾರ್ಮರು ಅದರ ಜೋರು ತಗ್ಗಿಸಿ ಮನೆಗಳಿಗೆ ಹಂಚಬೇಕು. ಅಲ್ಲಿಂದ ಊರೊಳಕ್ಕೆ ನೆಟ್ಟಗಿನ ದಾರಿಯೆಂದರೆ ಹೊಲಗೇರಿಯದು. ಕಂಬಗಳಿಗೆ ಗುಂಡಿ ತೋಡಿದವರೂ ಕೇರಿಯವರೇ. ಮುಂದೆ ನಿಂತು ತೋಡಿಸಿದವನು ಪಟೇಲ ವೆಂಕಟರಾಯಪ್ಪನ ತಮ್ಮ ಗಂಗಣ್ಣ. ಹೋದ ವರ್ಷ ಕೇರಿಯ ಬೈರಣ್ಣನ ಹೆಂಡತಿ ಕತ್ತಲಲ್ಲಿ ನೀರಿಗೆ ಹೋದಾಗ ಹಾವು ಕಚ್ಚಿ ಸತ್ತಿದ್ದಳು. ನಿಮ್ಮ ಬಾವಿಯ ಹತ್ತಿರದ ಕಂಬಕ್ಕೆ ದೀಪ ಹಾಕಿಸುತ್ತೇನೆಂದು ಗಂಗಣ್ಣ ಅವನಿಗೆ ಮಾತು ಕೊಟ್ಟಿದ್ದ.

ಕಂಬ ನೆಟ್ಟಾದ ಮೇಲೆ ಪಟೇಲನಿಗೆ ಮಡಿ ನೆನಪಾಯಿತು. ತಮ್ಮನನ್ನು ಕರೆದು ಗದರಿಸಿದ:

“ಕೇರಿ ಮೇಲಿಂದ ಬಂದ ಕರೆಂಟು ನಮ್ಮ ದೇವರ ಮನೇಲಿ ಉರೀಬೇಕೇನಲಾ? ಮೈಲಿಗೆ ಅಲ್ವಾ? ಲೈನು ಹೊಲದ ಕಡೆಯಿಂದ ಸುತ್ತಿಸು. ಮೊದ್ಲು ನಮ್ಮನೆ, ಆಮೇಲೆ ಬೇಕಾದ್ರೆ ಅವ್ರಿಗೆ.”

ಲೈನು ಎಳೆಸಲು ಬಂದಿದ್ದ ಓವರ್ಸಿಯರ್ ನಕ್ಕ. “ಒಂದು ತಂತೀಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ ಬರುತ್ತೆ ಪಟೇಲ್ರೇ. ಯಾರ ಮನೆ ಮೊದಲಾದ್ರೂ ಎಲ್ಲಾ ಕಲೆಯೋದೇ. ಇಲ್ಲಿಗೆ ಬರೋದ್ರಲ್ಲಿ ಎಷ್ಟು ಕೇರಿ ದಾಟಿದೆಯೋ!”

“ಅದನ್ನ ಯಾರು ನೋಡಿದ್ರು, ಬಿಡಿ. ಊರೋರ ಕಣ್ಣಿಗೆ ಕಾಣೋದು ಇದೊಂದೇ.”

ಗಂಗಣ್ಣನಿಗೆ ಅಣ್ಣನ ಮೇಲೆ ಹೇಸಿಗೆ ಹುಟ್ಟಿತು. ಮೈಲಿಗೆಯಲ್ಲಿ ನಂಬಿಕೆಯಾದರೂ ಇದ್ದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಈ ಮನುಷ್ಯನಿಗೆ ಅದೂ ಇಲ್ಲ. ಥೂ! ಆದರೂ ಅಣ್ಣ ಹೇಳಿದಂತೆ ಹೊಲದ ಕಡೆಯ ದಾರಿ ಅಳೆಯಲು ಹೊರಟ. ಅದಕ್ಕಾಗಿ ತನ್ನ ಮೇಲೂ ಅಷ್ಟೇ ಹೇಸಿಗೆಯಾಯಿತು.

ಓವರ್ಸಿಯರನಿಗೆ ಪಟೇಲನ ಮನೆಯ ಕೋಳಿಸಾರು ಒಗ್ಗಿತು. ಕೇರಿಯ ಕಂಬಗಳನ್ನು ಕೀಳಿಸಿ, ಗುಂಡಿ ತೋಡಿದವರ ಕೈಯಲ್ಲೇ ಮುಚ್ಚಿಸಿದರು. ಸುತ್ತಿಬಂದ ಲೈನು ಪಟೇಲನ ಮನೆ ಮುಟ್ಟುವ ಹೊತ್ತಿಗೆ ತಂತಿ ಮುಗಿದೇಹೋಯಿತು. ಮಹಾಯುದ್ಧ ಮುಗಿದರೂ ತಾಮ್ರಕ್ಕೆ ಬರ, ಇನ್ನು ಬರುವುದು ಯಾವಾಗಲೋ ಎಂದು ಓವರ್ಸಿಯರ್ ಕೈ ಒರೆಸಿಕೊಂಡ.

ಮುಸ್ಸಂಜೆ ಜಗಲಿಯ ಬಲ್ಬಿಗೆ ಮಂಗಳಾರತಿ ಎತ್ತಿ ದೀಪ ಹಾಕಿದರು. ಬೇಲಿಯಾಚೆ ನಿಂತಿದ್ದ ಬೈರಣ್ಣ ಗಂಗಣ್ಣನನ್ನು ಕೇಳಿದ: “ನಮ್ಮ ಬಾವಿ ತಾವ ದೀಪ ಯಾವಾಗ ಬುದ್ಧಿ?”

ಗಂಗಣ್ಣ ಬಾಯಿ ತೆರೆಯುವ ಮೊದಲೇ ಪಟೇಲ ಅಂದ: “ಅದ್ಯಾಕ್ಲಾ ನಿಂಗೆ? ನಮ್ಮನೆ ದೀಪ ನಿಮ್ಮ ಬಾವಿ ತಂಕ ಕಾಣ್ತದೆ. ಅಷ್ಟು ಸಾಲ್ದಾ?”

ಜಗಲಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗಂಗಣ್ಣ ಎದ್ದು ಒಳಗೆ ಹೋಗಿ ಸ್ವಿಚ್ಚು ಆರಿಸಿದ. ನಗು ನಿಂತಿತು.

“ಈಗ ಎಲ್ಲೀ ತಂಕ ಕಾಣ್ತೈತೆ, ಹೇಳಣ್ಣ,” ಅಂದ ಕತ್ತಲಲ್ಲಿ.