ಬೆನ್ನ ಹಿಂದಿನ ಕುರ್ಚಿ

"ಈ ಕುರ್ಚಿಗೂ ಟಿಕೆಟ್ ಹರೀಬೇಕಾ ಮೇಡಂ?" ಎಂದು ರೈಟಕ್ಕ ಕೇಳಿದಾಗ ತರಬೇತಿಗೆ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಬಸ್ಸಿನಲ್ಲಿ ಕಂಡಕ್ಟರಾಗಿ 'ರೈಟ್, ರೈಟ್' ಎಂದು ಕೂಗಿ ಕೂಗಿಯೇ ನಿವೃತ್ತಿಯಾದವಳಿಗೆ ಬಡಾವಣೆಯವರು ಇಟ್ಟ ಹೆಸರದು. ಈಗ ಅವಳು ಹೊಡೆದಾಟಕ್ಕೆ, ಸೇಡಿಗೆ ಹೊರಟವರನ್ನು ಮಾತಿನಲ್ಲೇ ತಡೆಯುವ ತಂಡ ಸೇರಿದ್ದಳು. ಆ ಕೆಲಸ ಕಲಿಸಲು ಬಂದಿದ್ದ ಮೇಡಂಗೆ ಅವಳ ಮಗಳಷ್ಟು ವಯಸ್ಸು. ಸಿಟ್ಟಾದವನ ಪಾತ್ರಕ್ಕೆ ಒಬ್ಬನನ್ನು ಕೂರಿಸಿ, ಅವನ ಬೆನ್ನ ಹಿಂದೆ ಒಂದು ಖಾಲಿ ಕುರ್ಚಿ ಹಾಕಿಸಿದ್ದರು.

"ಯಾರೂ ಒಬ್ಬನೇ ಹೊರಡಲ್ಲ," ಎಂದರು ಮೇಡಂ. "ಬೆನ್ನ ಹಿಂದೆ ಯಾರೋ ಕೂತಿರ್ತಾರೆ. ಗೆಳೆಯ ಇರಬಹುದು, ಸತ್ತುಹೋದ ಅಪ್ಪ ಇರಬಹುದು. ಅವರ್ಯಾರು ಅಂತ ಗೊತ್ತಾಗೋವರೆಗೂ ಬುದ್ಧಿ ಹೇಳ್ಬೇಡಿ. ಕೇಳಿ, ಆಮೇಲೆ ಸುಮ್ನಿರಿ."

ಸುಮ್ಮನಿರುವುದೊಂದೇ ರೈಟಕ್ಕನಿಗೆ ಬಾರದ ವಿದ್ಯೆ. "ನಿಂಗೇನೋ ಬಂತು ರೋಗ?" ಎಂದು ಶುರುಮಾಡಿದಳೆಂದರೆ ಕೊನೆಯ ಸ್ಟಾಪಿನವರೆಗೂ ಬ್ರೇಕಿಲ್ಲ. ಅಭ್ಯಾಸದ ಪ್ರತಿ ಸರದಿಯಲ್ಲೂ ಎದುರಿಗಿದ್ದವನು ಕಿವಿ ಮುಚ್ಚಿಕೊಂಡು ಎದ್ದುಹೋಗಿದ್ದ.

ಊಟದ ಬಿಡುವಿನಲ್ಲಿ ಅವಳ ಫೋನು ಬಡಿದುಕೊಂಡಿತು. ತಂಗಿಯ ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇಟ್ಟವನು. "ಅಕ್ಕಾ, ನಿಮ್ಮ ತಂಗಿ ಮಗ ಗ್ಯಾರೇಜಿಂದ ಈಗಲೇ ಬಂದುಬಿಟ್ಟಿದಾನೆ. ಮುಖ ಸರಿ ಇಲ್ಲ. ಸೊಂಟಕ್ಕೆ ಏನೋ ಸಿಗ್ಸ್ಕೊಂಡಿದಾನೆ. ಬೇಗ ಬನ್ನಿ."

ರೈಟಕ್ಕ ಊಟ ಬಿಟ್ಟು ಮೇಡಂ ಬಳಿ ಓಡಿದಳು. ಹೋದ ವಾರ ಗಾಡಿ ನಿಲ್ಲಿಸುವ ಜಗಳದಲ್ಲಿ ಪಕ್ಕದ ಬೀದಿಯವರು ತಂಗಿಯ ಹಿರಿಮಗನಿಗೆ ಚಾಕು ಹಾಕಿದ್ದರು. ಜೀವ ಉಳಿದಿತ್ತು. ಆಸ್ಪತ್ರೆಯಲ್ಲಿದ್ದ. ಈಗ ಕಿರಿಯವನ ಸರದಿ.

"ಸ್ವಂತದವರ ವಿಷಯಕ್ಕೆ ನೀವು ಹೋಗೋ ಹಾಗಿಲ್ಲ," ಎಂದರು ಮೇಡಂ. "ಬೇರೆಯವರನ್ನ ಕಳಿಸ್ತೀನಿ."

"ಕಳಿಸಿ. ಅವರು ಬರೋವರೆಗೆ ನಾನು ಕೂತಿರ್ತೀನಿ. ಕೂತಿರೋದಕ್ಕೂ ಬೇಡ್ವಾ?"

ಮೇಡಂ ಅವಳ ಮುಖ ನೋಡಿದರು. "ಕೂತಿರಿ. ಅಷ್ಟೇ."

ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಬಾಗಿಲ ಬಳಿ ಕಿರಿಯವನು ಕುಕ್ಕರುಗಾಲಲ್ಲಿ ಕೂತು ಶೂ ಕಟ್ಟುತ್ತಿದ್ದ. ಅಂಗಿಯಡಿ ಉದ್ದನೆಯದೇನೋ ಎದ್ದು ಕಾಣುತ್ತಿತ್ತು. ಕಿಟಕಿಗೆ ಅಡ್ಡವಾಗಿ ದಾರದ ಮೇಲೆ ಒಂದು ಬೆಡ್‌ಶೀಟು ನೇತಾಡುತ್ತಿತ್ತು. ಅಣ್ಣನನ್ನು ಬೀದಿಯಿಂದ ಅದರಲ್ಲೇ ಎತ್ತಿಕೊಂಡು ಆಸ್ಪತ್ರೆಗೆ ಒಯ್ದದ್ದು. ಒಣಗಿದ ರಕ್ತದ ಕಲೆಗಳು ಕಂದುಬಣ್ಣಕ್ಕೆ ತಿರುಗಿದ್ದವು. ಒಳಗೆ ತಂಗಿ ಗಿಡ್ಡ ಸ್ಟೂಲಿನ ಮೇಲೆ, ಮಗನಿಗೆ ಬೆನ್ನು ಹಾಕಿ, ಈರುಳ್ಳಿ ಸುಲಿಯುತ್ತಿದ್ದಳು.

ಬಾಗಿಲಿಗೆ ಅಡ್ಡ ನಿಲ್ಲಬಾರದೆಂದು ಕಲಿಸಿದ್ದರು. ರೈಟಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಳು. "ಎಲ್ಲಿಗೋ?"

"ಗೊತ್ತಿದ್ದೂ ಕೇಳ್ತೀಯಲ್ಲ ದೊಡ್ಡಮ್ಮ."

"ಹೂಂ," ಎಂದಳು. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು.

ಅವನು ತಲೆ ಎತ್ತಿದ. "ಬೈಯಲ್ವಾ?"

"ಬೈದ್ರೆ ನಿಲ್ತೀಯಾ?"

"ಇಲ್ಲ."

"ಮತ್ಯಾಕೆ ಗಂಟಲು ನೋಯಿಸ್ಕೊಳ್ಳಲಿ?"

ಅವನಿಗೆ ನಗು ಬಂದಂತಾಗಿ ನಿಂತುಹೋಯಿತು. ಶೂ ದಾರ ಗಂಟಾಗುತ್ತಿರಲಿಲ್ಲ. ರೈಟಕ್ಕ ಕಾದಳು. ಇಡೀ ಬಸ್ಸು ತುಂಬಿಕೊಂಡು ಏರು ಹತ್ತುವಾಗಲೂ ಅವಳಿಗೆ ಅಷ್ಟು ಕಷ್ಟವಾಗಿರಲಿಲ್ಲ.

"ಅಣ್ಣ ಬಿದ್ದ ದಿನದಿಂದ ಅಮ್ಮ ನನ್ ಜೊತೆ ಮಾತಾಡಿಲ್ಲ," ಎಂದ ಅವನು, ಶೂಗೆ ಹೇಳುವವನಂತೆ. "ತಟ್ಟೆ ಇಡ್ತಾಳೆ, ಎದ್ದು ಹೋಗ್ತಾಳೆ. ಆ ಬೆಡ್‌ಶೀಟು ನೋಡು, ಒಗೆಯೋಕೂ ಬಿಡಲ್ಲ. ತುತ್ತೆತ್ತಿದ್ರೆ ಕಣ್ಣೆದುರಿಗೆ ಅದೇ. ಇನ್ನು ಹೋಗು ಅಂತ ಬಾಯಿಬಿಟ್ಟು ಬೇರೆ ಹೇಳ್ಬೇಕಾ?"

ರೈಟಕ್ಕನ ಕಣ್ಣು ಅವನ ಭುಜದ ಮೇಲಿಂದ ಒಳಗೆ ಹೋಯಿತು. ಸ್ಟೂಲಿನ ಮೇಲೆ ಕೂತಿದ್ದ ತಂಗಿಯ ಕೈ ನಿಂತಿತ್ತು.

"ಹೌದೇನೇ?" ಎಂದು ತಂಗಿಯನ್ನು ಕೇಳಿದಳು. "ಹೋಗು ಅಂತೀಯಾ ಇವನಿಗೆ?"

"ನಾನೆಲ್ಲಿ ಹಾಗಂದೆ?"

"ನೀನು ಅಂದೆ ಅಂತ ನಾನು ಹೇಳ್ಲಿಲ್ಲ. ಕೇಳ್ತಿದೀನಿ." ಅಲ್ಲಿಗೆ ಮತ್ತೆ ಬಾಯಿ ಮುಚ್ಚಿದಳು.

ಕೆಳಗೆ ಯಾರೋ ಸ್ಕೂಟರು ಒದ್ದು ಸ್ಟಾರ್ಟ್ ಮಾಡಿಕೊಂಡು ಹೋದರು. ತಂಗಿ ಗೋಡೆಯ ಕಡೆಗೇ ಮಾತಾಡಿದಳು. "ಅವತ್ತು ದೊಡ್ಡವನು ಊಟಕ್ಕೆ ಕೂತಿದ್ದ ಅಕ್ಕಾ. ಹೇಡಿ ತರ ಕೂತಿದೀಯಲ್ಲೋ, ಹೋಗಿ ಕೇಳೋ ಅವರನ್ನ ಅಂತ ಎಬ್ಬಿಸಿ ಕಳ್ಸಿದ್ದು ನಾನು. ಮತ್ತೇನಾದ್ರೂ ಅಂದ್ರೆ ಇನ್ನೇನಾಗುತ್ತೋ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಅದನ್ನ ಒಗೆಯೋಕೆ ಕೈ ಏಳ್ತಿಲ್ಲ, ಅಷ್ಟೇ. ಅದಕ್ಕೆ ಇವನು..."

ರೈಟಕ್ಕನ ಎದೆಯಲ್ಲಿ ಒಂದು ಪುರಾಣಕ್ಕಾಗುವಷ್ಟು ಮಾತು ತುಂಬಿಕೊಂಡಿತು. ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

ಹುಡುಗ ಎದ್ದು ನಿಂತ. ಹೊಸ್ತಿಲ ಆಚೆ ಒಂದು ಕಾಲಿಟ್ಟ.

"ಬರ್ತಾ ಸೋಪು ತಗೊಂಡ್ ಬಾ," ಎಂದಳು ತಾಯಿ.

ಅವನು ಆ ಕಾಲು ಅಲ್ಲೇ ಇಟ್ಟುಕೊಂಡು ನಿಂತ. ಆಮೇಲೆ ತಾಯಿಯ ಕಡೆ ತಿರುಗಿ, "ಯಾವ ಸೋಪು?"

"ಬಟ್ಟೆದು. ನೀಲಿದು."

ಅವನು ಅಂಗಿ ಎತ್ತಿ, ಗ್ಯಾರೇಜಿನ ಕಬ್ಬಿಣದ ಸಲಾಕೆಯನ್ನು ಹೊರಗೆಳೆದು ಚಪ್ಪಲಿ ಗೂಡಿನ ಮೇಲಿಟ್ಟ. ದಾರ ಬಿಚ್ಚಿಕೊಂಡಿದ್ದ ಶೂ ಮೆಟ್ಟಿಲುದ್ದಕ್ಕೂ ಟಪಟಪ ಸದ್ದು ಮಾಡುತ್ತ ಇಳಿದುಹೋಯಿತು.

ಅಕ್ಕತಂಗಿಯರು ಬೆಡ್‌ಶೀಟಿನ ಎರಡು ತುದಿ ಹಿಡಿದು ದಾರದಿಂದ ಇಳಿಸಿದರು. ತಣ್ಣೀರ ಬಕೆಟ್ಟಿಗೆ ಅದ್ದಿದರೆ ಗಾಳಿ ತುಂಬಿಕೊಂಡು ಮೇಲೆದ್ದಿತು. ತಂಗಿ ಒತ್ತಿದಳು, ಮತ್ತೆ ಎದ್ದಿತು. ಅಷ್ಟರಲ್ಲಿ ತಂಡದವನು ಏದುಸಿರು ಬಿಡುತ್ತ ಬಾಗಿಲಿಗೆ ಬಂದ. "ಹುಡುಗ ಎಲ್ಲಿ?"

"ಸೋಪು ತರೋಕೆ ಹೋಗಿದಾನೆ," ಎಂದಳು ರೈಟಕ್ಕ. ಅವನು ಗೂಡಿನ ಮೇಲಿನ ಸಲಾಕೆ ನೋಡಿದ. ಇನ್ನೇನೂ ಕೇಳದೆ ಮೆಟ್ಟಿಲ ಮೇಲೆ ಕೂತ. ಮೂವರೂ ಬೀದಿಯ ಸದ್ದಿಗೆ ಕಿವಿಕೊಟ್ಟರು.

"ಅಮ್ಮಾ!" ಕೆಳಗಿಂದ ಕೂಗು ಬಂತು. "ನೀಲಿದಿಲ್ವಂತೆ! ಹಳದಿದು ಆಗುತ್ತಾ?"

ರೈಟಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ತಂಗಿ ಎದ್ದು ಕಿಟಕಿಗೆ ಹೋದಳು. ಸರಳು ಹಿಡಿದು ಬಗ್ಗಿ ಬೀದಿ ನೋಡಿದಳು. ಅವಳ ಮೊಣಕೈಯಿಂದ ಇಳಿದ ನೀರು, ಬಿಸಿಲು ಬಿದ್ದ ಕಟ್ಟೆಯ ಮೇಲೆ ತೊಟ್ಟು ತೊಟ್ಟಾಗಿ ಬೀಳತೊಡಗಿತು.